ಮುಸ್ಸಂಜೆಯ ಒಂದು ಮಾತಿಗೆ ಹೋದ ಟಿಕೆಟ್

ಅಮೆರಿಕನ್ ಫುಟ್‌ಬಾಲ್‌ನಲ್ಲಿ ನಾನೂ ಅಪ್ಪನೂ ಹತ್ತು ವರ್ಷದಿಂದ ಹಚ್ಚಿಕೊಂಡಿದ್ದ ತಂಡ ಆ ಭಾನುವಾರ ಲಂಡನ್ನಿನಲ್ಲೇ ಆಡುವುದಿತ್ತು. ಇಬ್ಬರಿಗೂ ಟಿಕೆಟ್ ಸಿಕ್ಕಿತ್ತು. ಹಿಂದಿನ ವಾರ, ಲಂಡನ್ನಿನದೇ ಬಡಾವಣೆಯಾದ ಕ್ರೋಯ್ಡನ್ನಿನ ನಮ್ಮ ಫ್ಲ್ಯಾಟಿನಲ್ಲಿ ಅವ್ವ ದೀಪ ಹಚ್ಚುತ್ತಿದ್ದಾಗ, ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಅಪ್ಪಾ, ಈ ಸಲ ನಾವು ಸೋಲ್ತೀವಿ. ಚೆಂಡು ಎಸೆಯಾಂವನ್ನ ಕಾಯೋ ಐದು ಮಂದಿಯೊಳಗ ಇಬ್ಬರಿಗೆ ಗಾಯ ಆಗೇತಿ. ಅವಂಗ ಎಸಿಯಾಕ ಪುರುಸೊತ್ತರ ಎಲ್ಲಿ ಸಿಗತೈತಿ?"

"ದೀಪ ಹಚ್ಚೋ ಹೊತ್ತಿನ್ಯಾಗ ಎಂಥಾ ಮಾತಾಡ್ತೀ," ಎಂದರು ಅಪ್ಪ. "ಅಸ್ತು ದೇವತೆಗಳು ಅಡ್ಡಾಡತಿರತಾರ. ಹಂಗ ಆಗ್ಲಿ ಅಂದುಬಿಟ್ರ?"

"ನಮ್ಮೂರು ಧಾರವಾಡದ ದೇವತೆಗಳಿಗೆ ಈ ಆಟದ ನಿಯಮ ಗೊತ್ತೈತೇನು?"

ಅಪ್ಪ ನಗಲಿಲ್ಲ. "ಗೆಲ್ತೀವಿ ಅಂತ ಒಂದ್ಸಲ ಅನ್ನು. ಇಲ್ಲಾಂದ್ರ ನಿನ್ನ ಟಿಕೆಟ್ ಬಾಜೂಮನಿ ಕಾಕಾಗ ಕೊಡ್ತೀನಿ."

ಆ ಕಾಕಾಗೆ ಚೆಂಡು ಯಾವ ಆಕಾರದ್ದೆಂದೂ ತಿಳಿಯದು. ನನಗೆ ಮೈಯೆಲ್ಲ ಉರಿದುಹೋಯಿತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಚೀಟಿ ಎತ್ತಿದಾಗ ಪರವೋ ವಿರೋಧವೋ ಬಂದ ಪಕ್ಷವನ್ನು, ನಂಬದಿದ್ದರೂ, ವಾದಿಸಿ ಗೆದ್ದವಳು ನಾನು. 'ಗೆಲ್ತೀವಿ' ಎಂಬ ಆ ಒಂದು ಪದ ನನಗೆ ಕಷ್ಟವೇನಿರಲಿಲ್ಲ. ಆದರೆ ಅಲ್ಲಿ ಎದುರಾಳಿ ಉತ್ತರವನ್ನಾದರೂ ಕೊಡುತ್ತಿದ್ದ. ಗಾಯಗೊಂಡ ಆ ಇಬ್ಬರ ಬಗ್ಗೆ ಅಪ್ಪ ತುಟಿ ಬಿಚ್ಚಲಿಲ್ಲ. ಸೋತರೆ ತಪ್ಪು ನನ್ನದೇ ಎಂದು ಆಗಲೇ ತೀರ್ಮಾನಿಸಿದ್ದರು.

"ಅಂದುಬಿಡು, ನಿಂದೇನ್ ಗಂಟು ಹೋಗತೈತಿ," ಎಂದಳು ಅವ್ವ.

ನಾನು ದೀಪದ ಕಡೆ ತಿರುಗಿ, "ಸೋಲ್ತೀವಿ," ಎಂದೆ, ಯಾವ ದೇವತೆಯೂ ಕೇಳಿಸಲಿಲ್ಲ ಎನ್ನಲಾಗದಷ್ಟು ಗಟ್ಟಿಯಾಗಿ. ಅಪ್ಪ ಫೋನ್ ತೆಗೆದುಕೊಂಡು ಕಾಕಾನ ನಂಬರ್ ಒತ್ತಿದರು.