ನೀರಿಗೆ ಕರಗದ ವಿಭೂತಿ

ಮೇ ತಿಂಗಳ ಮೊದಲ ಭಾನುವಾರ, ಬೆಳಿಗ್ಗೆ ಐದೂಮುಕ್ಕಾಲು. ಉಪ್ಪಾರಹಳ್ಳಿಯ ನಮ್ಮ ಮನೆ. ಹಾಜರಿದ್ದವರು ಮೂವರು: ನಾನು, ನನ್ನ ಹೆಂಡತಿ, ಎದುರು ಮನೆಯ ಸೊಸೆ.

ಆ ಸೊಸೆ ಗುಬ್ಬಿಯ ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುತ್ತಾಳೆ. ಪಿಯುಸಿ ಪಾಸಾದರೆ ಲ್ಯಾಬ್ ಸಹಾಯಕಿಯಾಗಿ ಕಾಯಂ ಮಾಡುತ್ತೇವೆ ಎಂದು ಕಾಲೇಜಿನವರು ಹೇಳಿದ್ದರು. ಉಳಿದದ್ದು ರಸಾಯನಶಾಸ್ತ್ರ ಒಂದೇ. ಅದು ಎರಡು ಸಲ ಹೋಗಿತ್ತು; ಮೂರನೆಯ ಪರೀಕ್ಷೆ ಮರುದಿನ. ನಾನು ಆ ಪಾಠವನ್ನು ಮೂವತ್ತು ವರ್ಷಕ್ಕೂ ಮಿಕ್ಕಿ ಮಾಡಿದವನು. ಒಂದು ತಿಂಗಳಿಂದ ದಿನವೂ ಅದೇ ಹೊತ್ತಿಗೆ ಬರುತ್ತಿದ್ದಳು, ಒಮ್ಮೆಯೂ ತಡ ಮಾಡಲಿಲ್ಲ. ಕ್ಯಾತ್ಸಂದ್ರದ ಮಠದ ಹಾಸ್ಟೆಲಿನಲ್ಲಿ ನಾಲ್ಕೂವರೆಯ ಗಂಟೆಗೆ ಎದ್ದು ಬೆಳೆದ ನನ್ನ ಲೆಕ್ಕದಲ್ಲಿ ಅದೇ ಅರ್ಧ ಪಾಸು.

ಅಂದಿನ ಪಾಠ ಅಯಾನಿಕ್, ಪೋಲಾರ್, ನಾನ್‌ಪೋಲಾರ್ ಸಂಯುಕ್ತಗಳು. ಮೂರು ಲೋಟ ನೀರಿಟ್ಟು ಒಂದಕ್ಕೆ ಉಪ್ಪು, ಒಂದಕ್ಕೆ ಸಕ್ಕರೆ, ಒಂದಕ್ಕೆ ಕಡಲೆಕಾಯಿ ಎಣ್ಣೆ ಹಾಕಿದೆ. ಉಪ್ಪು, ಸಕ್ಕರೆ ಕರಗಿದವು, ಎಣ್ಣೆ ಮೇಲೆ ತೇಲಿತು. ಹಾಸ್ಟೆಲಿನಲ್ಲಿ ಚಳಿಗೆ ಇಬ್ಬರಿಗೊಂದು ಕಂಬಳಿ ಇತ್ತು. ಮಲಗಿದ ಇಬ್ಬರನ್ನು ಎರಡು ಪರಮಾಣು, ಎಲೆಕ್ಟ್ರಾನನ್ನು ಆ ಕಂಬಳಿ ಅಂದುಕೋ ಎಂದೆ. ಇಬ್ಬರೂ ಸಮಬಲರಾದರೆ ಕಂಬಳಿ ನಡುವೆ ನಿಲ್ಲುತ್ತದೆ. ಎಣ್ಣೆ ಆ ಜಾತಿ, ನಾನ್‌ಪೋಲಾರ್. ಒಬ್ಬ ಗಟ್ಟಿಗನಾದರೆ ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ, ಇನ್ನೊಬ್ಬನ ಬೆನ್ನು ತಣ್ಣಗಾಗುತ್ತದೆ. ನೀರು, ಸಕ್ಕರೆ ಹೀಗೆ, ಪೋಲಾರ್. ಒಬ್ಬ ಪೂರ್ತಿ ಬಿಟ್ಟುಕೊಟ್ಟು ಇನ್ನೊಬ್ಬ ಪೂರ್ತಿ ಹೊದ್ದರೆ ಅದು ಉಪ್ಪು, ಅಯಾನಿಕ್. ಕೊಟ್ಟವನು ಪ್ಲಸ್, ಪಡೆದವನು ಮೈನಸ್. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಬಿಡುವುದಿಲ್ಲ.

"ಬರ್ಕೋ. ಅಯಾನಿಕ್ ಎಲ್ಲಾ ನೀರಲ್ಲಿ ಕರಗುತ್ತೆ."

ಅವಳು ಪೆನ್ನು ಎತ್ತಲಿಲ್ಲ. "ಎಲ್ಲಾನೂ ಕರಗಲ್ಲ ಸಾರ್."

"ಸುಮ್ನೆ ಬರ್ಕೊಳಮ್ಮ."

"ಮತ್ತೆ ನಿಮ್ ಹಣೇಲಿರೋ ವಿಭೂತಿ? ಅಂಗಡೀಲಿ ಸಿಗೋದು ಸುಣ್ಣದ ಜಾತೀದೇ ಅಂತಾರೆ ನಮ್ ಲ್ಯಾಬಲ್ಲಿ. ಟೆಸ್ಟ್‌ಟ್ಯೂಬ್ ತಳದಲ್ಲಿ ಬೆಳ್ಳಗೆ ಕೂತಿರ್ತದಲ್ಲ, ಅಂಥದ್ದನ್ನ ಬ್ರಷ್ ಹಾಕಿ ಉಜ್ಜೋಳು ನಾನು. ನೀರಿಗೇ ಹೋಗಿದ್ರೆ ನಂಗ್ಯಾಕೆ ಕೆಲ್ಸ ಕೊಡ್ತಿದ್ರು?"

ಒಲೆಯ ಮುಂದಿದ್ದ ನನ್ನ ಹೆಂಡತಿ ನಕ್ಕಳು. "ಅರವತ್ತು ವರ್ಷದಿಂದ ನೆನೆಸಿ ನೆನೆಸಿ ಹಚ್ಕೊಂಡವ್ರೆ ಕಣಮ್ಮ. ಕರಗ್ತಾ ಅಂತ ಒಂದಿನಾನೂ ನೋಡ್ಲಿಲ್ಲ ನಿಮ್ ಮೇಷ್ಟ್ರು!"

ಎದುರು ಮನೆಯ ಸೊಸೆ ನಗಲಿಲ್ಲ. ಪುಸ್ತಕ ಮುಚ್ಚಿದಳು. "ಕೈಗೆ ಗೊತ್ತಿರೋದೇ ಒಂದು, ಬರೀಬೇಕಾಗಿರೋದೇ ಒಂದು. ಅದಕ್ಕೇ ಎರಡು ಸಲ ಹೋಗಿದ್ದು. ನಾಳೆ ಪರೀಕ್ಷೆಗೆ ನಾನು ಹೋಗಲ್ಲ ಬುಡಿ ಸಾರ್."

ನಾನು ಎದ್ದು ದೇವರ ಕೋಣೆಯಿಂದ ವಿಭೂತಿ ಗಟ್ಟಿ ತಂದೆ. ನಾಲ್ಕನೆಯ ಲೋಟದ ನೀರಿಗೆ ಕೆರೆದು ಹಾಕಿ ಕಲಕಿದೆ. ನೀರು ಹಾಲಿನಂತಾಯಿತು, ಸ್ವಲ್ಪ ಹೊತ್ತಿಗೆ ಬಿಳಿ ಪುಡಿ ತಳಕ್ಕೆ ಕೂತಿತು. ನೀರು ಬಸಿದು ಪುಡಿಯ ಮೇಲೆ ನಿಂಬೆರಸ ಹಿಂಡಿದೆ, ಗುಳ್ಳೆಗಳೆದ್ದವು. ಕ್ಯಾಲ್ಸಿಯಂ ಕಾರ್ಬೊನೇಟ್, ಅಪ್ಪಟ ಅಯಾನಿಕ್. ಅದರ ಪ್ಲಸ್, ಮೈನಸ್ ಎರಡೂ ಕಡೆಯ ವಿದ್ಯುದಾವೇಶ ಉಪ್ಪಿನದರ ಎರಡರಷ್ಟು. ಆ ಹಿಡಿತದ ಮುಂದೆ ನೀರಿನ ಸೆಳೆತ ಸಾಲದು. ಇದೆಲ್ಲ ನನಗೆ ಗೊತ್ತಿಲ್ಲದ್ದಲ್ಲ. ಮಕ್ಕಳಿಗೆ ಸುಲಭವಾಗಲಿ ಎಂದು ಒಂದು ಸಾಲಿಗೆ ಇಳಿಸಿದ್ದೆ, ಆಮೇಲೆ ಆ ಸಾಲನ್ನು ನಾನೇ ನಂಬಿದ್ದೆ.

"ನಾನು ಹೇಳಿದ್ದು ತಪ್ಪು. ನಿನ್ನ ಕೈ ಹೇಳಿದ್ದೇ ಸರಿ. ಅದನ್ನೇ ಬರಿ."

ಅನ್ನ, ಶಿಸ್ತು, ಅಕ್ಷರ, ಎಲ್ಲವನ್ನೂ ಹಿರಿಯರ ಕೈಯಿಂದ ಪಡೆದವನು ನಾನು. ಶಿಷ್ಯೆಯೊಬ್ಬಳಿಂದ ತಿದ್ದಿಸಿಕೊಂಡದ್ದು ಅಂದೇ ಮೊದಲು. ನಾಚಿಕೆಗಿಂತ ಹೆಚ್ಚಾಗಿ ಹಗುರವೆನಿಸಿತು. ಅವಳ ಋಣ ನನ್ನ ಮೇಲಿದೆ.

ಅವಳು ಪುಸ್ತಕ ತೆರೆದು, ಯಾರನ್ನೂ ಕೇಳದೆ ಬರೆದಳು: "ಅಯಾನಿಕ್ ವಸ್ತುಗಳಲ್ಲಿ ಹಲವು ನೀರಿನಲ್ಲಿ ಕರಗುತ್ತವೆ. ನೀರಿನ ಸೆಳೆತಕ್ಕಿಂತ ಅಯಾನುಗಳ ಹಿಡಿತ ಗಟ್ಟಿಯಿದ್ದರೆ ಕರಗುವುದಿಲ್ಲ." ಪೂರ್ತಿ ಅಂಕ ಕೊಟ್ಟೆ.

"ನಾಳೆ ಏಳರ ಬಸ್ಸಿಗೆ ಪರೀಕ್ಷೆಗೆ ಹೋಗ್ತೀನಿ ಸಾರ್," ಎಂದು ಎದ್ದಳು.

ಸಂಜೆ ಆರಕ್ಕೆ, ಕುಣಿಗಲ್‌ನಲ್ಲಿ ಇದೇ ಪಾಠ ಮಾಡುವ ನನ್ನ ಹಳೆಯ ವಿದ್ಯಾರ್ಥಿಗೆ ಫೋನ್ ಮಾಡಿ ವಿಷಯ ಹೇಳಿದೆ.

"ಅಯ್ಯೋ, ನೀವು ಹೇಳಿದ್ದು ಅಂತ ನಾನೂ ಹಂಗೇ ಹೇಳ್ಕೊಡ್ತಾ ಇದೀನಲ್ಲ ಸಾರ್! ಇದನ್ನ ಯಾರು ಹೇಳಿದ್ದು ನಿಮ್ಗೆ?"

"ಟ್ಯೂಬ್ ತೊಳೆಯೋರು ಹೇಳಿದ್ರು ಕಣೋ. ನಾಳೆ ಅವ್ರಿಗೆ ಪರೀಕ್ಷೆ."

ಜೂನಿನ ಮೊದಲ ತರಗತಿಯಲ್ಲೇ ಆ ಸಾಲು ತಿದ್ದುವುದಾಗಿ ಅವನಿಂದ ಮಾತು ಪಡೆದು ಫೋನ್ ಇಟ್ಟೆ.