ಪುಸ್ತಕದಲ್ಲಿಲ್ಲದ ಜೋಳ

ಓದಿದ ಕಾದಂಬರಿ ಸಿನಿಮಾ ಆದರೆ ನಾನು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡೇ ನೋಡುವವನು. ಒಮ್ಮೆ ಗಜೇಂದ್ರಗಡದ ಟಾಕೀಸಿನಲ್ಲಿ ಬ್ಯಾಟರಿ ಹಚ್ಚಿ ಪುಟ ತಿರುವುತ್ತಿದ್ದಾಗ ಹೆಂಡತಿ ಎದ್ದು ಎರಡು ಸಾಲು ಹಿಂದೆ ಹೋಗಿ ಕುಳಿತಳು. ರೋಣದಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದ ಮಾಸ್ತರನ ಚಟ ಇದು. ಯಾರದಾದರೂ ತಪ್ಪು ಸಿಕ್ಕರೆ ಜೀವಕ್ಕೆ ಸಮಾಧಾನ.

ನಾನು ಎಷ್ಟೋ ಸಲ ಪಾಠ ಹೇಳಿದ ಹಳೆಯ ಕಾದಂಬರಿಯೊಂದು ಎರಡು ಸಲ ಸಿನಿಮಾ ಆಗಿದೆ. ಹೊಳೆಯ ಪಾಲಾದ ಮಗಳು, ದಂಡೆಯಲ್ಲಿ ಉಳಿದ ತಾಯಿಯ ಕಥೆ. ಕಪ್ಪು-ಬಿಳುಪಿನ ಮೊದಲ ಚಿತ್ರ ಒಂದಕ್ಷರ ಬಿಡದೆ ಪುಸ್ತಕದ ಹಿಂದೆಯೇ ನಡೆಯುತ್ತದೆ. ಈಚಿನದು ಮನಸ್ಸು ಬಂದಲ್ಲಿ ದಾರಿ ಬಿಡುತ್ತದೆ. ನರಗುಂದದ ಗೆಳೆಯರ ಮುಂದೆ ಅದನ್ನು ಒಂದು ತಾಸು ಬೈದಿದ್ದೆ. ಎಲ್ಲರ ಚಹಾ ಆರಿಹೋಗಿತ್ತು.

ಹೋದ ವರ್ಷ ಮೆಣಸಗಿಯಿಂದ ನಮ್ಮ ಅಕ್ಕ ಗಂಗವ್ವ ಕನ್ನಡಕ ಮಾಡಿಸಲೆಂದು ಬಂದು ನಮ್ಮಲ್ಲೇ ಉಳಿದಳು. ಹೊಸ ಕನ್ನಡಕ ಬಂದದ್ದೇ, "ನೀ ಜೀವಮಾನಾ ಕಲಿಸಿದ ಕಥಿ ತೋರ್ಸಪಾ," ಅಂದಳು. ಹಿಗ್ಗಿನಿಂದ ಟಿವಿಯಲ್ಲಿ ಹಳೆಯ ಚಿತ್ರ ಹಾಕಿದೆ.

ಅರ್ಧಕ್ಕೆ ಬಂದಾಗ ನನ್ನ ತಪ್ಪು ತಿಳಿಯಿತು. ವರ್ಷಗಳ ಹಿಂದೆ ಮಲಪ್ರಭಾ ಹೊಳೆ ಮೆಣಸಗಿಗೆ ನುಗ್ಗಿದ ದಿನ ಅಕ್ಕನ ಮಗಳು ಶಾಂತಾ ಎಮ್ಮೆ ಬಿಚ್ಚಲು ಹಿತ್ತಲಿಗೆ ಹೋದವಳು ತಿರುಗಿ ಬಂದಿರಲಿಲ್ಲ. ಮೂರನೆಯ ದಿನ ಹೆಣ ಸಿಕ್ಕಿತ್ತು. ಕಾದಂಬರಿಯ ಸಾಲು ಸಾಲೂ ನೆನಪಿದ್ದ ನನಗೆ ಸೋದರ ಸೊಸೆ ನೆನಪಾಗಿರಲಿಲ್ಲ. ನಿಲ್ಲಿಸಹೋದೆ.

"ಇರ್ಲಿ ಬಿಡು," ಅಂದಳು ಅಕ್ಕ.

ಕೊನೆಗೆ ಚಿತ್ರದ ತಾಯಿ ಎದೆ ಬಡಿದುಕೊಂಡು ಒಂದು ಪುಟದಷ್ಟು ಮಾತಾಡುತ್ತಾಳೆ. ನನ್ನ ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಿದ್ದ ಮಾತು.

"ಆಕೀಗೆ ಅಷ್ಟ ಮಾತ ಹ್ಯಾಂಗ ಬಂದ್ವು ತಮ್ಮಾ?"

"ಪುಸ್ತಕದಾಗ ಹಂಗ ಐತಿ ಅಕ್ಕಾ." ನನ್ನಲ್ಲಿದ್ದ ಉತ್ತರ ಅದೊಂದೇ.

ಮರುದಿನ ತಾನಾಗಿಯೇ ಹೊಸ ಚಿತ್ರ ಹಾಕೆಂದಳು. ಅದರಲ್ಲಿ ತಾಯಿ ಮಾತೇ ಆಡುವುದಿಲ್ಲ. ಮಂದಿ ಹೊಳೆಯಲ್ಲಿ ಹುಡುಕುತ್ತಿರುವಾಗ ತೊಯ್ದ ಜೋಳವನ್ನು ಅಂಗಳದಲ್ಲಿ ಹರವಿ, ಗುಬ್ಬಿ ಓಡಿಸುತ್ತ ಕೂಡುತ್ತಾಳೆ. ಪುಸ್ತಕದಲ್ಲಿ ಜೋಳದ ಸುದ್ದಿಯೇ ಇಲ್ಲ. ನಾನು ಹೆಚ್ಚು ಬೈದದ್ದೂ ಇದನ್ನೇ. ಅಕ್ಕ ಮುಂದಕ್ಕೆ ಬಾಗಿದಳು.

"ನಾನೂ ಹರವಿದ್ನಿ," ಅಂದಳು. "ಕೈ ಸುಮ್ನ ಬಿಟ್ಟಿದ್ರ ಸತ್ತಹೋಗ್ತಿದ್ನಿ. ಮಗಳ ಹೋದ್ರೂ ಜೋಳದ ಚಿಂತಿ ನೋಡು ಇಕೀಗೆ ಅಂದ್ರು ಮಂದಿ. ನೀನೂ ಅಂದಿ."

ಅಂದಿದ್ದೆ. ಆಕೆಯ ಎದುರಿಗಲ್ಲ, ಹೆಂಡತಿಯ ಮುಂದೆ. ಆದರೂ ಅಕ್ಕನ ಕಿವಿಗೆ ಮುಟ್ಟಿತ್ತು. "ತಪ್ಪಾತಕ್ಕಾ," ಅಂದೆ. ಅವಳ ಕಣ್ಣು ಪರದೆ ಬಿಟ್ಟು ಕದಲಲಿಲ್ಲ.

ಆ ಚಿತ್ರದ ಕೊನೆಯಲ್ಲಿ ಮಗಳು ಬದುಕಿ ಬರುತ್ತಾಳೆ. ಅವಳು ಬಾಗಿಲಲ್ಲಿ ನಿಂತದ್ದೇ ಅಕ್ಕ ಎದ್ದಳು.

"ಬಂದ್ ಮಾಡು. ಸಿನಿಮಾದಂವ ಇಷ್ಟೊತ್ತು ಖರೇ ಹೇಳ್ಯಾನ, ಈಗ್ಯಾಕ ಸುಳ್ಳ?"

ಬಂದ್ ಮಾಡಿದೆ. ಮೂಲನಿಷ್ಠೆಯ ಬಗ್ಗೆ ನಾನು ಇಷ್ಟು ವರ್ಷ ಆಡಿದ್ದೆಲ್ಲ ಪುಸ್ತಕಕ್ಕೆ ನಿಷ್ಠೆ. ಆ ಪುಸ್ತಕ ಯಾವ ತಾಯಿಗೆ ನಿಷ್ಠವಾಗಿತ್ತು ಎಂದು ಕೇಳಿಯೇ ಇರಲಿಲ್ಲ.

ಸಂಜೆ ಕಟ್ಟೆಯ ಮೇಲೆ ಕುಳಿತು ಅಕ್ಕ ಮೊದಲ ಸಲ ಶಾಂತಾಳ ಮಾತು ತೆಗೆದಳು. ಎಷ್ಟು ಚುರುಕಿದ್ದಳು, ಹತ್ತನೆತ್ತೆ ಪರೀಕ್ಷೆ ಒಂದೇ ಏಟಿಗೆ ಹೇಗೆ ಪಾಸಾದಳು, ಕನ್ನಡದಲ್ಲಂತೂ ಇಡೀ ಶಾಲೆಗೇ ಮೊದಲು. ನಮ್ಮ ಮನೆಯಲ್ಲೇ ಇದ್ದು ಓದಿದ ಹುಡುಗಿ. ನಿಜದಲ್ಲಿ ಎರಡು ಸಲ ನಪಾಸಾಗಿದ್ದಳು. ಅದೂ ಕನ್ನಡದಲ್ಲಿ, ನನ್ನ ಕೈಯಲ್ಲೇ ಕಲಿತು.

"ಹೌದಲ್ಲೋ ತಮ್ಮಾ?"

"ಹೌದಕ್ಕಾ," ಅಂದೆ. "ಭಾಳ ಚಲೋ ಬರೀತಿದ್ಲು."