ಮಾವನವರ ಕೋಟಿನಲ್ಲಿ ಮೂರು ಕಾಡತೂಸು

ಹುಟ್ಟಿನಿಂದ ಬರುವ ಯಾವುದನ್ನೂ ಹಕ್ಕೆಂದು ಒಪ್ಪಿದವಳಲ್ಲ ನಾನು. ಧಾರವಾಡದಲ್ಲಿ ನಾನು ಓದಿದ ಶಾಲೆಯಲ್ಲಿ ಬೆತ್ತ ಇರಲಿಲ್ಲ, ಮೊದಲ ಸಾಲು ಕೊನೆಯ ಸಾಲು ಎಂಬುದೂ ಇರಲಿಲ್ಲ. ತಪ್ಪು ಕಂಡರೆ ಎದ್ದು ನಿಂತು ಹೇಳಬೇಕೆಂಬುದೊಂದೇ ನಿಯಮ. ಕೊಡಗಿನ ಮನೆಗೆ ಸೊಸೆಯಾಗಿ ಹೋದ ಮೊದಲ ವರ್ಷವೇ ನಾನು ಎದ್ದು ನಿಂತದ್ದು ಮಾವನವರ ಪರ್ಸಿನಲ್ಲಿದ್ದ ಒಂದು ಪತ್ರದ ವಿಷಯಕ್ಕೆ. ಕೊಡವರಾಗಿ ಹುಟ್ಟಿದ್ದರಿಂದ ಅವರಿಗೆ ಬಂದೂಕಿನ ಪರವಾನಗಿ ಬೇಕಿಲ್ಲ ಎನ್ನುವ ಪತ್ರ ಅದು. ವಿನಾಯಿತಿ ಕೊಟ್ಟದ್ದು ಕೇಂದ್ರ ಸರ್ಕಾರ. ಪತ್ರ ಬರೆದು ಮೊಹರು ಒತ್ತುವುದು ಜಿಲ್ಲಾಡಳಿತ. ಚುನಾವಣೆ ಬಂದಾಗ ‘ಕೋವಿ ತಂದು ಠಾಣೆಯಲ್ಲಿಡಿ’ ಎಂದು ಹೇಳಿ ಕಳಿಸುವುದೂ ಅದೇ ಜಿಲ್ಲಾಡಳಿತ. ಆ ಮಾತು ಬಂದಾಗಲೆಲ್ಲ ನಿವೃತ್ತ ಸುಬೇದಾರರಾದ ಮಾವನವರಿಗೆ ಮೈ ಉರಿಯುತ್ತಿತ್ತು.

“ದೆಹಲಿ ಕೊಟ್ಟದ್ದನ್ನು ಮಡಿಕೇರಿಯ ಗುಮಾಸ್ತ ಕಿತ್ತುಕೊಳ್ಳೋದಾ?”

“ಗುಂಡು ತಾಗಿ ಸತ್ತವರ ಮನೀಗೆ ದೆಹಲಿ ಬರಂಗಿಲ್ರೀ ಮಾವಾರ. ಬರೋರು ಮಡಿಕೇರಿ ಪೊಲೀಸ್ರು. ತೀರ್ಮಾನನೂ ಅವರದ ಆಗ್ಲಿ.”

“ನೋಡು ಮಾರಾಯ, ನಿನ್ನ ಹೆಂಡತಿ ನನ್ನ ಕೋವಿಗೇ ಗುರಿ ಇಟ್ಟಿದ್ದಾಳೆ,” ಎಂದು ಅವರು ಮಗನ ಕಡೆ ತಿರುಗುತ್ತಿದ್ದರು. ನನ್ನ ಪತಿ ಅನ್ನ ಕಲಸುತ್ತಿದ್ದರು.

ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ ಮಾವನವರು, ಪತಿಯ ಕೆಲಸದಿಂದಾಗಿ ನಾವು ನೆಲೆಸಿರುವ ಒಮಾನಿಗೆ, ಅಲ್ ಹೈಲ್‌ನ ನಮ್ಮ ಮನೆಗೆ, ಒಂದು ತಿಂಗಳ ಮಟ್ಟಿಗೆ ಬಂದರು. ಹಿಂದಿರುಗಲು ನಾಲ್ಕು ದಿನವಿರುವಾಗ, ಶುಕ್ರವಾರ, ಅವರನ್ನು ನಿಜ್ವಾ ಪಟ್ಟಣದ ಸಂತೆಗೆ ಕರೆದೊಯ್ದೆವು. ಸಂತೆಯ ಅಂಚಿನಲ್ಲಿ ಒಬ್ಬ ಒಮಾನಿ ಮುದುಕ ಹಳೆಯ ರೈಫಲೊಂದನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ. ಸೊಂಟದಲ್ಲಿ ಕಾಡತೂಸಿನ ಪಟ್ಟಿ. ಮಾವನವರು ಅವನೆದುರು ನಿಂತು ಸೆಲ್ಯೂಟ್ ಹೊಡೆದರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಆದರೂ ಅರ್ಧ ಗಂಟೆ ಖರ್ಜೂರ ತಿನ್ನುತ್ತ, ಕಹ್ವಾ ಕುಡಿಯುತ್ತ, ರೈಫಲಿನ ನಳಿಗೆಯನ್ನು ಬೆರಳಲ್ಲಿ ಅಳೆಯುತ್ತ ಕುಳಿತರು. ನಾನು ಅವರಿಬ್ಬರ ಫೋಟೋ ತೆಗೆದೆ, ಹಿಂದಿನ ಅಂಗಡಿಯ ಫಲಕವೂ ಬರುವಂತೆ.

ಮರಳುವ ದಾರಿಯಲ್ಲಿ ಒಂದು ಗಂಟೆ ಕಳೆದಿರಬಹುದು. ನನ್ನ ಒಂಬತ್ತು ವರ್ಷದ ಮಗಳು ಇದ್ದಕ್ಕಿದ್ದಂತೆ, “ತಾತಾ, ವಾಟ್ ಈಸ್ ದಟ್ ಸೌಂಡ್?” ಎಂದಳು.

ಮಾವನವರು ಕೋಟಿನ ಒಳಜೇಬಿನಿಂದ ಮೂರು ಕಾಡತೂಸು ತೆಗೆದು ಅಂಗೈಯಲ್ಲಿಟ್ಟು ತೋರಿಸಿದರು. ಹಿತ್ತಾಳೆ ಹೊಳೆಯುತ್ತಿತ್ತು. ಎರಡು ಖಾಲಿ. ಮೂರನೆಯದರ ತುದಿಯಲ್ಲಿ ಗುಂಡು ಹಾಗೆಯೇ ಇತ್ತು.

“ಅವನು ಕೊಟ್ಟ. ಕೈಲ್‌ಪೊಳ್ದ್ ಹಬ್ಬದ ದಿನ ಪೂಜೆಗೆ ಕೋವಿಯ ಪಕ್ಕ ಇಡ್ತೇನೆ.”

ಪರವಾನಗಿಯಿಲ್ಲದೆ ಮದ್ದುಗುಂಡು ಒಯ್ಯುವುದು ಈ ದೇಶದಲ್ಲಿ ಅಪರಾಧ. ಶಿಕ್ಷೆ ಎಷ್ಟೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದಲೇ ಅದು ಕ್ಷಣಕ್ಷಣಕ್ಕೂ ಬೆಳೆಯುತ್ತಿತ್ತು. ಎಪ್ಪತ್ತೆರಡು ವರ್ಷದ ಮನುಷ್ಯ ಜೈಲಿನಲ್ಲಿ. ಪತಿಯ ಕೆಲಸ, ನಮ್ಮ ವೀಸಾ, ಮಗಳ ಶಾಲೆ.

“ಏನ್ ಮಾಡೀರಿ ಮಾವಾರ ಇದು?”

“ನಮಗೆ ಲೈಸೆನ್ಸ್ ಬೇಡ ಅಲ್ವಾ?” ಅವರು ನಿಜವಾಗಿಯೂ ಆಶ್ಚರ್ಯಪಟ್ಟಿದ್ದರು. ಆ ವಿನಾಯಿತಿ ತಮ್ಮ ಮೈಗೆ ಅಂಟಿಕೊಂಡಿದೆ, ತಾವು ಹೋದಲ್ಲಿಗೆಲ್ಲ ಬರುತ್ತದೆ ಎಂದೇ ಅವರು ನಂಬಿದ್ದರು.

“ದೆಹಲಿ ಮಾತು ಸಮುದ್ರ ದಾಟಂಗಿಲ್ರೀ!”

“ಅಪ್ಪಾ, ಎಸೆದುಬಿಡಿ,” ಎಂದರು ನನ್ನ ಪತಿ. ಸ್ಟಿಯರಿಂಗ್ ಹಿಡಿದೇ ಅವರು ಕಿಟಕಿಯ ಗಾಜು ಇಳಿಸಿದರು.

ಎಸೆಯಬಾರದೆಂದು ತಡೆದವಳು ನಾನೇ. ರಸ್ತೆಯ ಎರಡೂ ಬದಿಗೆ ಆಡು ಮೇಯುತ್ತಿದ್ದವು. ಯಾರದೋ ಮಗು ಎತ್ತಿಕೊಂಡರೆ? ಹಿಂದಿರುಗಿ ಹೋಗಿ ಕೊಟ್ಟವನಿಗೇ ಕೊಡೋಣ ಎಂದೆ. ಮುಂದಿನ ತಿರುವಿಗೆ ಇನ್ನೂ ಕೆಲವು ಕಿಲೋಮೀಟರ್ ಇತ್ತು. ಅದಕ್ಕೆ ಮೊದಲೇ ಪೊಲೀಸರ ತಪಾಸಣೆ ಎದುರಾಯಿತು.

ಯುವ ಅಧಿಕಾರಿ ಕಿಟಕಿಗೆ ಬಾಗಿ ಸಲಾಂ ಹೇಳಿ ಗುರುತಿನ ಚೀಟಿ ಕೇಳಿದ. ನಾವಿಬ್ಬರೂ ಕೊಟ್ಟೆವು. ಮಾವನವರ ಪಾಸ್‌ಪೋರ್ಟ್ ಮನೆಯಲ್ಲಿತ್ತು. ಅವರು ಗಂಭೀರವಾಗಿ ಪರ್ಸ್ ತೆರೆದು, ಭಾವಚಿತ್ರವೂ ಸರ್ಕಾರಿ ಮೊಹರೂ ಇದ್ದ ಒಂದೇ ಕಾಗದವನ್ನು ಕೊಟ್ಟರು: ವಿನಾಯಿತಿ ಪತ್ರ.

ಅಧಿಕಾರಿ ಇಂಗ್ಲಿಷ್ ಸಾಲುಗಳನ್ನು ನಿಧಾನವಾಗಿ ಓದಿದ. ಒಂದು ಪದದ ಮೇಲೆ ಬೆರಳಿಟ್ಟ. “ಸಿಲಾಹ್?” ಆಯುಧವಿದೆಯೇ ಎಂಬ ಪ್ರಶ್ನೆ.

“ಲಾ, ಲಾ,” ಇಲ್ಲವೇ ಇಲ್ಲ ಎಂದೆ. ಬೇರೆ ಯಾರೂ ಬಾಯಿ ತೆರೆಯುವ ಮೊದಲೇ ಸುಳ್ಳು ಹೇಳಿದವಳು ನಾನು. ಮಗಳು ನನ್ನನ್ನು ನೋಡಿದಳು.

ಆಗ ಮಾವನವರು ಕೈ ಚಾಚಿ ಮೂರೂ ಕಾಡತೂಸುಗಳನ್ನು ಕಿಟಕಿಯ ಅಂಚಿನ ಮೇಲೆ ಸಾಲಾಗಿ ನಿಲ್ಲಿಸಿದರು.

ಅಧಿಕಾರಿಗೆ ಉರ್ದು ಬರುತ್ತಿತ್ತು. “ಚಾಚಾ, ಯಾರು ಕೊಟ್ಟದ್ದು?”

“ಒಬ್ಬ ಫೌಜಿ ದೋಸ್ತ್.”

“ಹೆಸರು?”

“ಕೇಳಲಿಲ್ಲ.”

ಠಾಣೆಯಲ್ಲಿ ನಮ್ಮನ್ನು ಒಂದು ಬೆಂಚಿನ ಮೇಲೆ ಕೂರಿಸಿ, ಮಾವನವರನ್ನು ಒಳಗೆ ಕರೆದೊಯ್ದರು. ಯಾರೂ ಗದರಲಿಲ್ಲ, ನೀರು ಕೊಟ್ಟರು. ಆ ಸೌಜನ್ಯದಿಂದ ನನ್ನ ಭಯ ಹೆಚ್ಚಿತು. ಸ್ವಲ್ಪ ಹೊತ್ತಿನ ಬಳಿಕ ಆ ಅಧಿಕಾರಿ ಹೊರಬಂದು ನನ್ನೆದುರು ಕುಳಿತ. ಮುದುಕರು ಕೊಟ್ಟವನ ಗುರುತು ಹೇಳಲಾರೆ ಎನ್ನುತ್ತಿದ್ದಾರೆ, ಅವನು ಯಾರೆಂದು ತಿಳಿದರೆ ಇವರ ವಿಷಯ ಬೇಗ ಮುಗಿಯುತ್ತದೆ, ನೀವು ಜೊತೆಯಲ್ಲಿದ್ದಿರಲ್ಲವೇ ಎಂದು ಕೇಳಿದ. ನನ್ನ ಫೋನ್ ತೊಡೆಯ ಮೇಲಿತ್ತು, ಪರದೆ ಕೆಳಗಾಗಿ. ಅದರೊಳಗೆ ಆ ಮುಖ, ಆ ಫಲಕ.

ತೋರಿಸುವುದೇ ಸರಿ ಎಂದು ನಾನು ಬೇರೆ ಯಾರಿಗಾದರೂ ಉಪದೇಶಿಸುತ್ತಿದ್ದೆ. ಅತಿಥಿಗೆ ಜೀವಂತ ಗುಂಡನ್ನು ಉಡುಗೊರೆ ಕೊಡುವುದು ತಪ್ಪು. ಅದನ್ನು ಜೇಬಿಗಿಳಿಸುವುದು ತಪ್ಪು. ಹುಟ್ಟಿನ ಹೆಸರಲ್ಲಿ ಪರವಾನಗಿಯನ್ನೇ ಮನ್ನಾ ಮಾಡಿ, ಒಬ್ಬ ಒಳ್ಳೆಯ ಮನುಷ್ಯನಿಗೆ ಕಾನೂನೆಂಬುದು ಬೇರೆಯವರಿಗೆ ಮಾತ್ರ ಎಂದು ಐವತ್ತು ವರ್ಷ ನಂಬಿಸಿದ ಸರ್ಕಾರದ್ದು ಎಲ್ಲಕ್ಕಿಂತ ದೊಡ್ಡ ತಪ್ಪು. ಇಷ್ಟೆಲ್ಲ ನನಗೆ ಸ್ಪಷ್ಟವಾಗಿತ್ತು. ಆದರೆ ಒಳಗಿದ್ದ ಮಾವನವರು ಹೇಳಲಾರೆ ಎಂದದ್ದನ್ನು ಹೊರಗೆ ಕುಳಿತು ತೋರಿಸಲು ನನ್ನ ಕೈ ಏಳಲಿಲ್ಲ. “ಗೊತ್ತಿಲ್ಲ,” ಎಂದೆ. ಒಂದೇ ಮಧ್ಯಾಹ್ನದಲ್ಲಿ ಎರಡನೆಯ ಸುಳ್ಳು, ಇದೂ ತಪ್ಪೇ.

ಸಂಜೆಯ ಹೊತ್ತಿಗೆ ಬಿಟ್ಟರು. ಕಾಡತೂಸುಗಳನ್ನು ಇಟ್ಟುಕೊಂಡರು. ವಿಚಾರಣೆ ಮುಗಿದಿಲ್ಲ, ಕರೆದರೆ ಬರಬೇಕು ಎಂದರು. ಮುಂದಿನ ನಾಲ್ಕು ದಿನ ಪ್ರತಿ ಫೋನಿಗೂ ಠಾಣೆಯದೇ ಇರಬೇಕೆಂದು ಓಡುತ್ತಿದ್ದೆ. ಮೇಲಿನ ಮನೆಯ ಬಾಗಿಲು ತಟ್ಟಿದರೂ ಎದ್ದು ನಿಲ್ಲುತ್ತಿದ್ದೆ. ಮಾವನವರು ಮಾತ್ರ ಬಾಲ್ಕನಿಯಲ್ಲಿ ಸುಮ್ಮನೆ ಕುಳಿತಿರುತ್ತಿದ್ದರು. ಒಮ್ಮೆ ಕೇಳಿದರು: “ಆ ಮುದುಕನಿಗೆ ಏನೂ ಆಗಲಿಲ್ಲ ಅಲ್ವಾ?”

ನಾಲ್ಕನೆಯ ದಿನ ವಿಮಾನ ನಿಲ್ದಾಣದ ಬಾಗಿಲಲ್ಲಿ ಅವರನ್ನು ಬಿಟ್ಟು, ಕಾರಿನೊಳಗೆ ಎಂಜಿನ್ ಆರಿಸಿ ಕಾದೆವು. ಪಾಸ್‌ಪೋರ್ಟಿನ ಮೇಲೆ ತಡೆ ಇದ್ದರೆ ಅಲ್ಲೇ ತಿಳಿಯುತ್ತಿತ್ತು. ಇಪ್ಪತ್ತು ನಿಮಿಷ, ಮೂವತ್ತು. ಕೊನೆಗೆ ಫೋನ್ ಬಂತು.

“ಮುದ್ರೆ ಹಾಕಿದ್ರು ಮಗಾ, ಒಳಗಿದ್ದೇನೆ. ಕಾಫಿ ತಗೊಂಡೆ. ಇದನ್ನು ಕಾಫಿ ಅಂತ ಮಾರೋರನ್ನು ಮೊದಲು ಹಿಡೀಬೇಕು.”

ನಾನು ನಗಲು ನೋಡಿದೆ. ಆಗದೆ ಫೋನನ್ನು ಪತಿಗೆ ಕೊಟ್ಟೆ.